ತೂಬಿನ ಮಂಟಪದ ಹೊಸ್ತಿಲು

ಟಕ್ ಎಂದಿತು. ಒಣಗಿದ ಹುಣಸೆಬೀಜ ಹಲ್ಲಿಗೆ ಸಿಕ್ಕಿ ಒಡೆದಷ್ಟೇ ಸದ್ದು. ಆದರೆ ನಮ್ಮ ಊರಿನಲ್ಲಿ ಎಂಥ ಸರಿಹೊತ್ತಿನಲ್ಲೂ ಆ ಸದ್ದಿಗೆ ಎಚ್ಚರವಾಗದ ಹೆಂಗಸಿಲ್ಲ. ನಾನು ಹಾಸಿಗೆಯಲ್ಲಿ ಎದ್ದು ಕುಳಿತೆ. ನಡುಮನೆಯಿಂದ ಹಿತ್ತಲಿಗೆ ಹೋಗುವ ಬಾಗಿಲಿನ ಹೊಸ್ತಿಲು ಅದು. ನನ್ನ ನಾದಿನಿ ಭಾಗೀರಥಿ ನಿದ್ದೆಗಣ್ಣಿನಲ್ಲಿ ಅದನ್ನು ದಾಟಿದ್ದಳು. ಪಕ್ಕದ ಕೋಣೆಯಲ್ಲಿ ಅತ್ತೆ ಮಗ್ಗುಲು ಬದಲಿಸಿದರು. ಗೋಡೆಯಾಚೆ ಪುಟ್ಟರಂಗಮ್ಮನವರ ಮನೆಯಲ್ಲಿ ಯಾರೋ ಕೆಮ್ಮಿದರು. ಬೆಳಗಾದರೆ ಭಾಗಿ ತೂಬಿನ ಪರೀಕ್ಷೆಗೆ ಇಳಿಯಬೇಕಿತ್ತು. ಇನ್ನು ಇಳಿಯುವ ಹಾಗಿರಲಿಲ್ಲ.

ನಮ್ಮ ಊರಿನ ಹೊಸ್ತಿಲುಗಳು ಹಾಗೆ. ಮುಟ್ಟಾದ ಹೆಂಗಸು ದಾಟಿದರೆ ಟಕ್ ಎನ್ನುತ್ತವೆ. ಮನೆಯದು, ಶಾಲೆಯದು, ಸೊಸೈಟಿಯದು, ಬಸ್ಸಿನ ಫುಟ್‌ಬೋರ್ಡು ಕೂಡ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಹಲ್ಲಿ ಯಾಕೆ ಲೊಚಗುಟ್ಟುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ? ಬೇರೆ ಕಡೆಯ ಹೆಂಗಸರು ಹೊರಗಾಗಿದ್ದೇನೆ ಎನ್ನುವಲ್ಲಿ ನಮ್ಮವರು ಹೊಸ್ತಿಲಾಗಿದ್ದೇನೆ ಎನ್ನುತ್ತಾರೆ. ಬಸ್ಸು ಹತ್ತುವಾಗ ಟಕ್ ಎಂದರೆ ಕಂಡಕ್ಟರು ಮುಖ ನೋಡದೆಯೇ ಹಿಂದಿನ ಸೀಟಿನತ್ತ ಕೈ ತೋರಿಸುತ್ತಾನೆ. ಹುಡುಗಿಯರಿಗೆ ನಾಚಿಕೆಯಾಗದಿರಲಿ ಎಂದು ಹೈಸ್ಕೂಲಿನ ಹೆಡ್‌ಮಾಸ್ತರರು ಹೊಸ್ತಿಲ ಮೇಲೆ ಗೋಣಿತಾಟು ಹಾಸಿಸಿ ನೋಡಿದರು. ಸದ್ದು ತಾಟಿನ ಮೇಲಿನಿಂದಲೇ ಬಂತು. ಮಾತಾಡದ ಹೊಸ್ತಿಲು ಮಾಡಿಕೊಡುತ್ತೇನೆಂದು ಬಂದ ಬಡಗಿಯೊಬ್ಬ ಇಡೀ ಬೀದಿಗೆ ಹಲಸಿನ ಮರದ್ದು ಕೂಡಿಸಿ, ಮೊದಲನೆಯದು ಟಕ್ ಎಂದ ಸಂಜೆಯೇ ಊರು ಬಿಟ್ಟ. ಇದಕ್ಕೆಲ್ಲ ನಾವು ಒಗ್ಗಿಕೊಂಡಿದ್ದೇವೆ, ನಗುತ್ತೇವೆ ಕೂಡ. ಒಂದು ವಿಷಯದಲ್ಲಿ ಮಾತ್ರ ಯಾರೂ ನಗುವುದಿಲ್ಲ. ಹೊಸ್ತಿಲಾದವಳು ಕೆರೆಯ ನೀರಿಗೆ ಇಳಿಯಬಾರದು.

ನಮ್ಮ ಮಾವನವರು ಊರಿನ ನೀರಗಂಟಿಯಾಗಿದ್ದರು. ಕೆರೆಯ ತೂಬು ತೆಗೆದು, ಮುಚ್ಚಿ, ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಡುವ ಕೆಲಸ. ತೂಬು ಏರಿಗೆ ಆತುಕೊಂಡ ಕಲ್ಲುಮಂಟಪದ ಅಡಿಯಲ್ಲಿದೆ. ಮಂಟಪದೊಳಗಿನ ಬಾವಿಯಂಥ ಗುಂಡಿಯಲ್ಲಿ ಉಸಿರು ಕಟ್ಟಿ ಮುಳುಗಿ, ತೂಬಿನ ಬಾಯಿಗೆ ಜಡಿದ ಮರದ ಬೆಣೆಯನ್ನು ಕೈಯಿಂದಲೇ ಕೀಳಬೇಕು. ನನ್ನ ಗಂಡ ರುದ್ರೇಶನಿಗೆ ಮೊಣಕಾಲುದ್ದ ನೀರು ಕಂಡರೂ ಭಯ. ಅವರ ತಂಗಿ ಭಾಗಿ ಮಾತ್ರ ಲಂಗ ಹಾಕುವ ವಯಸ್ಸಿನಿಂದಲೇ ಅಪ್ಪನ ಬೆನ್ನ ಹಿಂದೆ ಮುಳುಗಿ ಬೆಣೆಯ ಗಂಟುಗಂಟನ್ನೂ ತಡವಿ ಗುರುತಿಟ್ಟುಕೊಂಡವಳು. ಮಾವ ತೀರಿಕೊಂಡ ಮೇಲೆ ಕೆರೆ ಸಮಿತಿ ಪರೀಕ್ಷೆ ಇಟ್ಟಿತು. ಮಂಟಪದ ಹೊಸ್ತಿಲು ದಾಟಿ, ಇಳಿದು, ಬೆಣೆ ಕಿತ್ತವರು ನೀರಗಂಟಿ. ದಿನ ಮೊದಲೇ ಗೊತ್ತಾಗುವುದಿಲ್ಲ. ನೀರು ಗುರುತಿನ ಕಲ್ಲಿಗೆ ಮುಟ್ಟಿದ ಮಾರನೆಯ ದಿನವೇ ಪರೀಕ್ಷೆ.

ಆ ವರ್ಷ ಹಿಂದಿನ ರಾತ್ರಿಯೇ ಹೀಗೆ ಟಕ್ ಎಂದಿತು. ಆದರೂ ಭಾಗಿ ಹೋದಳು. ಮಂಟಪದ ಹೊಸ್ತಿಲು ಎಲ್ಲರೆದುರಿಗೆ ಟಕ್ ಎಂದಿತು. ಸಮಿತಿಯ ಹಿರಿಯ ತಮ್ಮಯ್ಯಪ್ಪನವರು ಬೈಯಲಿಲ್ಲ. ತುಂಬ ಮೃದುವಾಗಿ, ಹೋಗವ್ವ, ಮನೆಗೆ ಹೋಗಿ ಮಲಕ್ಕೋ ಎಂದರು. ಬೈದಿದ್ದರೆ ಸಹಿಸುತ್ತಿದ್ದೆನೋ ಏನೋ. ಆ ಮೃದು ಮಾತಿಗೆ ನನ್ನ ಮೈ ಉರಿಯಿತು. ಆಮೇಲೆ ಇಳಿದ ಅವರ ಸೋದರಳಿಯ ಬರಿಗೈಯಲ್ಲಿ ಮೇಲೆ ಬಂದ. ಹಗ್ಗ ಕಟ್ಟಿ ಹತ್ತು ಜನ ಎಳೆದರು. ಬೆಣೆ ಸೀಳಿತು, ಹೊಸ ಬೆಣೆ ಜಡಿಯುವಷ್ಟರಲ್ಲಿ ಅರ್ಧ ಕೆರೆ ಹಳ್ಳ ಸೇರಿತ್ತು. ಮುಂದಿನ ವರ್ಷ ಇನ್ನೊಂದು ಸಲ ನೋಡೋಣ, ಆಗಲೂ ಅವಳಿಂದ ಆಗದಿದ್ದರೆ ಅಳಿಯನೇ ಖಾಯಂ ಎಂದು ಸಮಿತಿ ಹೇಳಿತು.

ನಾನು ಹೆದರುವ ಹೆಂಗಸು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮಲಗಿದವಳು ಎದ್ದು ಬಂದು ನೋಡುತ್ತೇನೆ. ಹೆದರುವವರಿಗೆ ಗಮನಿಸುವ ಚಾಳಿ ಇರುತ್ತದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ್ದಕ್ಕೋ ಏನೋ, ಮದುವೆಯಾಗಿ ಬಂದ ಹೊಸದರಲ್ಲೇ ನಾನೊಂದು ವಿಷಯ ಕಂಡುಕೊಂಡಿದ್ದೆ. ಹೊಟ್ಟೆನೋವು ಶುರುವಾಗಿ ಸೊಂಟ ಹಿಡಿದುಕೊಂಡು ಓಡಾಡುವಾಗ ಹೊಸ್ತಿಲು ಸುಮ್ಮನಿರುತ್ತಿತ್ತು. ಬಟ್ಟೆಗೆ ತಾಗಿದ ಮೇಲೆಯೇ ಸದ್ದು. ಅಂದರೆ ಹೊಸ್ತಿಲಿಗೆ ನಮ್ಮ ಒಳಗಿನದು ಗೊತ್ತಿಲ್ಲ, ಹೊರಗೆ ಬಂದು ಗಾಳಿ ಸೋಕಿದ್ದು ಮಾತ್ರ ಗೊತ್ತು. ಭಾಗಿ ತಲೆ ತಗ್ಗಿಸಿ ಏರಿ ಇಳಿದು ಬಂದ ದಿನ ನನಗೆ ಅನ್ನಿಸಿತು. ಒಳಗಿನದು ಒಳಗೇ ಇರುವಾಗ ಈ ಮರದ ತುಂಡಿಗೆ ನಾವು ಯಾಕೆ ಉತ್ತರ ಕೊಡಬೇಕು?

ಬೆಟ್ಟದಾಚೆಯ ಪೇಟೆಯಲ್ಲಿ ಹೊಸ್ತಿಲುಗಳು ಮೂಕ. ಅಲ್ಲಿಯ ಲೇಡಿ ಡಾಕ್ಟರ ಹತ್ತಿರ ಹೋಗಿ ಕೇಳಿದೆ. ಒಳಗಿಡುವಂಥದ್ದು ಎರಡು ಬಗೆ ಎಂದರು. ಒಂದು ಟ್ಯಾಂಪೂನ್. ಹತ್ತಿಯದು, ಒಳಗೇ ಹೀರುತ್ತದೆ, ತೆಗೆಯಲು ದಾರ ಹೊರಗೆ ಇಳಿಬಿದ್ದಿರುತ್ತದೆ. ಸಾಕಾಗುವವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಹೀರುವುದನ್ನೇ ಆರಿಸಬೇಕು, ಎಂಟು ಗಂಟೆ ಮೀರಿ ಇಡಬಾರದು. ಇನ್ನೊಂದು ಕಪ್. ಮೆತ್ತನೆಯ ಸಿಲಿಕೋನಿನದು, ಹೀರುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ತೊಳೆದು ಮತ್ತೆ ಬಳಸಬಹುದು. ನಾನು ದಾರದ ಬಗ್ಗೆ ಯೋಚಿಸಿದೆ. ಕೆರೆಯ ನೀರಿನಲ್ಲಿ ನೆನೆದ ದಾರಕ್ಕೆ ಒಂದು ಎಳೆ ಕೆಂಪು ಹತ್ತಿದರೂ ಹೊಸ್ತಿಲು ಬಿಡುವುದಿಲ್ಲ. ಕಪ್ಪೇ ಸರಿ ಎಂದೆ. ನನಗೆ ಕಾಪರ್‌ಟಿ ಹಾಕಿದೆ ಎಂದದ್ದಕ್ಕೆ ಡಾಕ್ಟರು, ನೀವೂ ಬಳಸುವುದಾದರೆ ಎಳೆದು ಕೀಳಬೇಡಿ, ಬುಡ ಒತ್ತಿ ಗಾಳಿ ಬಿಡಿಸಿ ತೆಗೆಯಿರಿ, ಕಾಪರ್‌ಟಿ ಸರಿದೀತು ಎಂದು ಎಚ್ಚರಿಸಿದರು. ಯಾರಿಗಾದರೂ ಹೇಳಿಕೊಡುವ ಮೊದಲು ನಾನೇ ಬಳಸಿ ನೋಡಬೇಕೆಂದು ನಿಶ್ಚಯಿಸಿದ್ದೆ. ಮೊದಲ ಸಲ ಮಡಿಸಿ ಹಿಡಿದದ್ದು ಬೆರಳಿನಿಂದ ಚಿಮ್ಮಿ ಬಕೆಟ್ಟಿನೊಳಗೆ ಬಿತ್ತು. ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕುಳಿತು ಒಬ್ಬಳೇ ನಕ್ಕೆ. ಮೂರನೆಯ ತಿಂಗಳಿಗೆ ಕೈ ಪಳಗಿತು.

ಭಾಗಿಯನ್ನು ಕೂಡಿಸಿಕೊಂಡು ಹೇಳಿದಾಗ ನಾನು ಯೋನಿ ಎಂಬ ಪದವನ್ನೇ ಬಳಸಿದೆ. ಅಲ್ಲಿ, ಕೆಳಗೆ, ಆ ಜಾಗ ಎನ್ನಲಿಲ್ಲ. ಆ ಮನೆಯಲ್ಲಿ ಯಾರೂ ಆ ಪದ ಆಡಿರಲಿಲ್ಲ. ಭಾಗಿ ಬಾಗಿಲ ಕಡೆ ನೋಡಿದಳು. ಹೆಸರಿಲ್ಲದ ಜಾಗಕ್ಕೆ ಏನನ್ನಾದರೂ ಹೇಗೆ ಇಟ್ಟುಕೊಳ್ಳುತ್ತೀ ಎಂದೆ. ಅವಳಿಗಿದ್ದ ಭಯ ಬೇರೆ. ಮದುವೆಯಾಗದವಳು ಇದನ್ನು ಹಾಕಿಕೊಂಡರೆ ಏನೋ ಹೋಗಿಬಿಡುತ್ತದಂತೆ. ಹೋಗುವಂಥದ್ದು ಏನೂ ಇಲ್ಲ ಎಂದೆ. ಒಳಗಿನ ಆ ತೆಳು ಪೊರೆ ಹಿಗ್ಗುವಂಥದ್ದು, ಒಬ್ಬೊಬ್ಬರಲ್ಲಿ ಒಂದೊಂದು ಥರ. ನಿನ್ನ ಮರ್ಯಾದೆಯನ್ನು ಅದಕ್ಕೆ ಯಾರೂ ಕಟ್ಟಿಹಾಕಿಲ್ಲ. ಒಳಗೆಲ್ಲೋ ಕಳೆದುಹೋದರೆ ಎಂದು ಕೇಳಿದಳು. ಗರ್ಭಕೋಶದ ಬಾಯಿ ಬೆರಳು ತೂರದಷ್ಟು ಸಣ್ಣದು, ಅದನ್ನು ದಾಟಿ ಇದು ಎಲ್ಲಿಗೆ ಹೋದೀತು ಎಂದೆ. ಮುಳುಗಿ ತೂಬು ತಡವಿದವಳಿಗೆ ಆ ಲೆಕ್ಕ ತಟ್ಟನೆ ಹತ್ತಿತು.

ಉಗುರು ಕತ್ತರಿಸಿಕೊಂಡು, ಸೋಪಿನಲ್ಲಿ ಕೈ ತೊಳೆದು, ಅವಸರವಿಲ್ಲದ ಮಧ್ಯಾಹ್ನ ನೋಡಿಕೊಂಡು ಶುರು ಮಾಡಿದಳು. ಕಪ್ ಕುದಿಸಲೆಂದೇ ಬೇರೆ ಪಾತ್ರೆ ತಂದಿಟ್ಟೆ. ನೇರ ಮೇಲಕ್ಕಲ್ಲ, ಬೆನ್ನಿನ ಬುಡದ ಕಡೆ ವಾಲಿಸಿ, ಮೈ ಬಿಗಿ ಹಿಡಿಯದೆ ಎಂದು ಬಾಗಿಲ ಹೊರಗಿನಿಂದ ಹೇಳಿದೆ. ಮೊದಲು ತಂದದ್ದು ತೀರಾ ಮೆತ್ತಗಿತ್ತು. ಈಜಿ ಈಜಿ ಗಟ್ಟಿಯಾದ ಅವಳ ಮೈಯ ಹಿಡಿತಕ್ಕೆ ಅದು ಒಳಗೇ ಸೊಟ್ಟಗಾಗಿ ಸೋರಿತು. ಮತ್ತೆ ಪೇಟೆಗೆ ಹೋಗಿ ಸ್ವಲ್ಪ ಬಿರುಸಾದುದನ್ನು ತಂದೆ. ಅದು ಬಿಚ್ಚಿಕೊಂಡು ಕೂತಿತು. ಬುಡದ ಸುತ್ತ ಬೆರಳಾಡಿಸಿ ಮಡಿಕೆ ಉಳಿದಿಲ್ಲವೆಂದು ನೋಡಿಕೊಳ್ಳುವುದನ್ನು ಕಲಿತಳು. ಕಪ್‌ನ ಅಡಿಯಲ್ಲಿ ಚುಚ್ಚುತ್ತಿದ್ದ ಬಾಲದ ತುದಿ ಕತ್ತರಿಸಿಕೊಂಡಳು. ಆ ಸಂಜೆ ಹಿತ್ತಲ ಹೊಸ್ತಿಲು ದಾಟಿದಳು. ಸದ್ದಿಲ್ಲ. ಹಿಂದೆ ಬಂದು ಮತ್ತೆ ದಾಟಿದಳು. ಆಮೇಲೆ ಹೊಸ್ತಿಲ ಮೇಲೆಯೇ ನಿಂತು, ಸೊಂಟಕ್ಕೆ ಕೈ ಕೊಟ್ಟು, ಏನಾಯ್ತೋ ನಿನ್ನ ಬಾಯಿಗೆ ಎಂದು ಅದನ್ನೇ ಕೇಳಿದಳು.

ನಮ್ಮೂರಿನಲ್ಲಿ ಸದ್ದಾದರೆ ಒಂದು ಕಷ್ಟ, ಸದ್ದಾಗದಿದ್ದರೆ ಇನ್ನೊಂದು. ಮರುವಾರ ಪುಟ್ಟರಂಗಮ್ಮನವರು ಗೋಡೆಯ ಮೇಲಿಂದ ಕರಿಬೇವು ಕೇಳುವ ನೆಪದಲ್ಲಿ, ಭಾಗಿಯ ಹೊಸ್ತಿಲು ಈ ತಿಂಗಳು ಕೇಳಿಸಲೇ ಇಲ್ಲವಲ್ಲ ಎಂದರು. ಅವರ ಕಣ್ಣು ಭಾಗಿಯ ಹೊಟ್ಟೆಯ ಮೇಲೆ ಇತ್ತು. ಅಲ್ಲಿಂದ ಮುಂದೆ ನಾವೊಂದು ಉಪಾಯ ಮಾಡಿಕೊಂಡೆವು. ಪ್ರತಿ ತಿಂಗಳೂ ಮೊದಲ ದಿನ ಅವಳು ಬರೀ ಬಟ್ಟೆ ಕಟ್ಟಿಕೊಂಡು ಬೀದಿಬಾಗಿಲ ಹೊಸ್ತಿಲನ್ನು ಒಂದು ಸಲ ದಾಟಿಬರುವುದು, ಊರಿಗೆ ಟಕ್ ಕೇಳಿಸುವುದು, ಆಮೇಲೆ ಒಳಗೆ ಹೋಗಿ ಕಪ್ ಇಟ್ಟುಕೊಳ್ಳುವುದು. ಪುಟ್ಟರಂಗಮ್ಮನವರು ಸಮಾಧಾನವಾಗಿ ಮಲಗುತ್ತಿದ್ದರು.

ಆದರೆ ಭಾಗಿ ಒಂದು ತಪ್ಪು ಮಾಡಿದಳು. ನಮ್ಮೂರಿನವಳು ಮಾತ್ರ ಮಾಡಬಹುದಾದ ತಪ್ಪು. ತೆಗೆದು ಚೆಲ್ಲುವಾಗ ಒಂದು ಹನಿ ಲಂಗಕ್ಕೆ ತಾಗಿದರೂ ಬಚ್ಚಲ ಹೊಸ್ತಿಲು ಕೂಗುತ್ತದೆ, ಅಮ್ಮನಿಗೆ ಕೇಳಿಸುತ್ತದೆ ಎಂದು ತೆಗೆಯದೇ ಬಿಟ್ಟಳು. ಬೆಳಿಗ್ಗೆ ಇಟ್ಟದ್ದು ಮಾರನೆಯ ಬೆಳಿಗ್ಗೆಯವರೆಗೂ ಒಳಗೇ ಇತ್ತು. ನಾನು ಕೇಳಿದ್ದಕ್ಕೆ, ಹೊಸ್ತಿಲು ಸುಮ್ಮನಿದೆಯಲ್ಲ ಅತ್ತಿಗೆ, ಇನ್ನೇನು ಎಂದಳು. ಒಂದು ಸಲ ಇಟ್ಟರೆ ಹನ್ನೆರಡು ಗಂಟೆ ಹೊತ್ತೇ ಕೊನೆ, ಅಷ್ಟರೊಳಗೆ ತೆಗೆದು ತೊಳೆಯಲೇಬೇಕು ಎಂದು ಹೇಳಿದ್ದೆ. ಅಪರೂಪಕ್ಕಾದರೂ ಒಳಗೆ ವಿಷವೇರುವುದುಂಟು. ಇದ್ದಕ್ಕಿದ್ದಂತೆ ಜ್ವರ, ವಾಂತಿ, ತಲೆಸುತ್ತು, ಮೈಮೇಲೆ ಕೆಂಪು ಗಂಧೆ, ಆಗ ತಕ್ಷಣ ಕಿತ್ತು ಆಸ್ಪತ್ರೆಗೆ ಓಡಬೇಕು ಎಂದೂ ಹೇಳಿದ್ದೆ. ಹೊಸ್ತಿಲಿಗೆ ಹೆದರಿ ಹೆದರಿ ಅವಳು ಈಗ ಹೊಸ್ತಿಲನ್ನೇ ಡಾಕ್ಟರು ಮಾಡಿಕೊಂಡಿದ್ದಳು. ಅದರ ಮಾತು ಕೇಳಬೇಡ ಎಂದು ನಾನು ಕಲಿಸಹೊರಟರೆ ಅದರ ಮೌನವನ್ನು ನಂಬಿ ಕೂತಿದ್ದಳು.

ಬಚ್ಚಲಿಗೆ ಕಳಿಸಿದೆ. ಒಳಗಿನಿಂದ ಅಳುವ ದನಿಯಲ್ಲಿ, ಬಾಲ ಕೈಗೆ ಸಿಕ್ತಿಲ್ಲ ಅತ್ತಿಗೆ ಎಂದಳು. ದನಿ ಸಮ ಇಟ್ಟುಕೊಂಡು ಬಾಗಿಲ ಹೊರಗಿನಿಂದಲೇ ಹೇಳಿದೆ. ಅವಸರ ಮಾಡಬೇಡ, ಕುಕ್ಕರುಗಾಲಲ್ಲಿ ಕೂತು ಉಸಿರು ಬಿಡು, ಮಲವಿಸರ್ಜನೆಗೆ ತಿಣುಕುವ ಹಾಗೆ ಮೆಲ್ಲಗೆ ತಿಣುಕು, ತಾನೇ ಕೆಳಗೆ ಬರುತ್ತದೆ. ಬುಡ ಸಿಕ್ಕಿತೇ? ಎರಡು ಬೆರಳಲ್ಲಿ ಅದುಮು. ಬಾಲ ಹಿಡಿದು ಎಳೆಯಬೇಡ. ಸ್ವಲ್ಪ ಹೊತ್ತಿಗೆ ಪಿಚಕ್ ಎಂದು ಗಾಳಿ ಬಿಟ್ಟ ಸದ್ದು, ಆಮೇಲೆ ನೀರು ಸುರಿದ ಸದ್ದು. ಅತ್ತೆ ಚಿಕ್ಕತಾಯಮ್ಮನವರು ಅಡಿಗೆಮನೆಯಿಂದ ಇಣುಕಿ, ಅವಳು ಬಚ್ಚಲಲ್ಲಿ ಇಷ್ಟು ಹೊತ್ತು ಏನು ಮಾಡುತ್ತಾಳೆ ಎಂದರು. ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಳೆ ಎಂದೆ. ನೆಗಡಿಯಾದೀತು, ಬೇಗ ಬರಲಿ ಎಂದು ಹೊರಟುಹೋದರು. ಅತ್ತೆ ಹೊಸ್ತಿಲ ಮಾತಿನ ಪ್ರಕಾರವೇ ಬದುಕಿದವರು. ಹೋದ ವರ್ಷ ಭಾಗಿ ಮಂಟಪದಿಂದ ವಾಪಸು ಬಂದಾಗ, ಅದು ಆಡಿದ ಮೇಲೆ ಮುಗಿಯಿತು ಎಂದು ಬಿಟ್ಟವರು. ಅವರಿಗೆ ತಿಳಿದರೆ ಎಲ್ಲ ಮುಗಿಯಿತು ಎಂದು ನಾನು ದಿನವೂ ಹೆದರುತ್ತಿದ್ದೆ.

ಭಾಗಿ ಆ ತಪ್ಪನ್ನು ಮತ್ತೆ ಮಾಡಲಿಲ್ಲ. ಟಕ್ ಎಂದರೆ ಎನ್ನಲಿ, ನಿನ್ನ ಜೀವಕ್ಕಿಂತ ದೊಡ್ಡದಲ್ಲ ಎಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದೆ.

ಮಳೆಗಾಲ ಮುಗಿಯುತ್ತ ನೀರು ಗುರುತಿನ ಕಲ್ಲಿಗೆ ಮುಟ್ಟಿತು ಎಂದು ತಮಟೆ ಹೊಡೆದ ಸಂಜೆಯೇ ಭಾಗಿಯೂ ಮುಟ್ಟಾದಳು. ಈ ಸಲ ಬೀದಿಬಾಗಿಲಿಗೆ ಹೋಗಿ ಟಕ್ ಅನಿಸಿ ಬರುವ ಹಾಗಿರಲಿಲ್ಲ. ಹೊಟ್ಟೆನೋವು ಶುರುವಾದಾಗಲೇ ಕಪ್ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಹೊರಡುವ ಮೊದಲು ಅವಳು ಕಪ್ ತೆಗೆದು ತೊಳೆದು ಮತ್ತೆ ಇಟ್ಟುಕೊಂಡದ್ದನ್ನು ಖಾತ್ರಿ ಮಾಡಿಕೊಂಡೆ. ಏರಿಯ ಮೇಲೆ ಊರೇ ಸೇರಿತ್ತು. ಪದ್ಧತಿಯಂತೆ ಹಳೆಯ ನೀರಗಂಟಿಯ ಮನೆಯ ಹಿರಿಯ ಹೆಂಗಸು, ಎಂದರೆ ನಮ್ಮ ಅತ್ತೆ, ಗೆದ್ದವರ ಕಾಲಿಗೆ ಹಾಕಲು ಹಿತ್ತಾಳೆ ಕೊಡದಲ್ಲಿ ನೀರು ಹಿಡಿದು ಮಂಟಪದ ಹೊಸ್ತಿಲ ಪಕ್ಕ ನಿಂತಿದ್ದರು. ಮೊದಲು ಅಳಿಯ ಇಳಿದ. ಮೇಲೆ ಬಂದ, ಇಳಿದ, ಮತ್ತೆ ಬಂದ. ಕಿವಿಗೆ ನೀರು ಹೋಗಿದೆ ಎಂದು ಕೂತ, ಎದ್ದು ಮತ್ತೆ ಇಳಿದ. ಬಿಸಿಲು ನೆತ್ತಿಗೆ ಬಂತು. ಇಷ್ಟು ಹೊತ್ತಾಗುತ್ತದೆಂದು ನಾನು ಎಣಿಸಿರಲಿಲ್ಲ. ಭಾಗಿಗೆ ಅದು ಜೋರಾಗಿ ಹೋಗುವ ದಿನ.

ಕೊನೆಗೆ ಅವಳ ಸರದಿ. ಗದ್ದಲ ಅಡಗಿತು. ಲಂಗ ಎತ್ತಿಕಟ್ಟಿ, ಹೊಸ್ತಿಲು ದಾಟಿದಳು. ಸದ್ದಿಲ್ಲ. ತಮ್ಮಯ್ಯಪ್ಪನವರು ಕೈಯೆತ್ತಿ ತಡೆದರು. ಇನ್ನೊಂದು ಸಲ ದಾಟು ಎಂದರು. ದಾಟಿದಳು. ಮತ್ತೊಂದು ಸಲ. ದಾಟಿದಳು. ಅವರು ನಮ್ಮ ಬೀದಿಯವರ ಕಡೆ ತಿರುಗಿ, ಚಿಕ್ಕತಾಯಮ್ಮನ ಮನೆಯಲ್ಲಿ ಭಾಗಿಯ ಹೊಸ್ತಿಲು ಈ ತಿಂಗಳು ಯಾರಿಗಾದರೂ ಕೇಳಿಸಿತೇ ಎಂದು ವಿಚಾರಿಸಿದರು. ಪುಟ್ಟರಂಗಮ್ಮನವರು ಸೆರಗಿನ ಅಂಚು ನೋಡಿಕೊಂಡು ಇಲ್ಲ ಎಂದರು. ಹೋದ ತಿಂಗಳು ಇದೇ ಹೊತ್ತಿಗೆ ಕೇಳಿಸಿತ್ತು, ಅಲ್ಲವೇ? ಹೌದು. ತಮ್ಮಯ್ಯಪ್ಪನವರು ಅದೇ ಮೃದು ದನಿಯಲ್ಲಿ, ಹಾಗಾದರೆ ಎರಡರಲ್ಲಿ ಒಂದು, ಹುಡುಗಿ ಏನೋ ಮೋಸ ಮಾಡಿದ್ದಾಳೆ, ಇಲ್ಲ ಬೇರೆ ಥರದ ಸಮಾಚಾರ, ಮನೆಯವರು ಹೇಳಿಬಿಡಿ ಎಂದರು. ಏರಿಯ ಮೇಲೆ ಯಾರೋ ನಕ್ಕರು.

ನಾನು ಮುಂದೆ ಹೋದದ್ದು ನನಗೇ ಗೊತ್ತಾಗಲಿಲ್ಲ. ಮಂಟಪದ ಬಾಗಿಲ ಮರದ ಚೌಕಟ್ಟು ಹಿಡಿದು ನಿಂತೆ.

“ನನ್ನನ್ನು ಯಾಕೆ ಕೇಳ್ತೀರಿ? ಹೊಸ್ತಿಲನ್ನು ಕೇಳಿ. ಹೋದ ವರ್ಷ ಅದು ಹೂಂ ಅಂದಾಗ ಇವಳ ಮಾತನ್ನು ನೀವು ಕೇಳಲಿಲ್ಲ. ಈಗ ಅದು ಊಹೂಂ ಅಂತಿದೆ, ಮೂರು ಸಲ ಅಂದಿದೆ. ನಿಮಗೆ ಬೇಕಾದ್ದನ್ನು ಹೇಳಿದಾಗ ಮಾತ್ರ ಅದು ನಿಜ ಹೇಳೋದಾ?”

ಭಾಗಿ ಒಳಗಿನಿಂದಲೇ ಕೂಗಿದಳು. “ಹೊಟ್ಟೇಲಿ ಮಗು ಇಟ್ಕೊಂಡೇ ಬೆಣೆ ಕಿತ್ತರೆ ಎರಡಾಳಿನ ಕೂಲಿ ಕೊಡ್ತೀರೇನು ತಮ್ಮಯ್ಯಪ್ನೋರೇ? ನಿಮ್ಮ ಅಳಿಯ ಖಾಲಿ ಹೊಟ್ಟೇಲೂ ಕೀಳಲಿಲ್ಲವಲ್ಲ.”

ಈ ಸಲದ ನಗೆ ಬೇರೆ ಕಡೆಗಿತ್ತು. ತಮ್ಮಯ್ಯಪ್ಪನವರು ಏನನ್ನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನೀರು ಚಿಲ್ಲೆಂದಿತು. ಭಾಗಿ ಇಳಿದಾಗಿತ್ತು.

ಕಪ್ಪು ನೀರು ಮುಚ್ಚಿಕೊಂಡಿತು. ಒಂದೆರಡು ಗುಳ್ಳೆ ಎದ್ದವು. ನಾನು ಅವಳ ಜೊತೆಗೇ ಉಸಿರು ಹಿಡಿದಿದ್ದೆ, ನನ್ನದು ಮುಗಿದುಹೋಯಿತು, ಅವಳು ಬರಲಿಲ್ಲ. ಆಮೇಲೆ ಏರಿಯ ಆಚೆ ಬದಿಯಿಂದ, ಕಾಲುವೆಯ ಹತ್ತಿರ ನಿಂತಿದ್ದವರು ಹೋ ಎಂದರು. ಮೊದಲು ಕೆಸರು, ಹಿಂದೆಯೇ ಮೊಣಕಾಲುದ್ದದ ನೀರು ಕಾಲುವೆಗೆ ನುಗ್ಗಿತ್ತು. ಭಾಗಿ ಮೇಲೆ ಬಂದಾಗ ಬೆಣೆ ಅವಳ ಎರಡು ತೋಳಿನ ನಡುವೆ ಎಳೆಮಗುವಿನ ಹಾಗಿತ್ತು.

ಮೆಟ್ಟಿಲು ಹತ್ತಿ ಹೊಸ್ತಿಲ ಕಡೆಗೆ ಬಂದಳು, ಮೈಯೆಲ್ಲ ನೀರು ಸುರಿಯುತ್ತಿತ್ತು. ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಅತ್ತೆಯ ಕಣ್ಣು ಮಾತ್ರ ಅವಳ ಲಂಗದ ಅಂಚಿನ ಮೇಲಿತ್ತು. ಭಾಗಿಯ ಕಾಲು ಎದ್ದಿತ್ತು, ಇನ್ನೂ ಹೊಸ್ತಿಲ ಮೇಲೆ ಬಂದಿರಲಿಲ್ಲ. ಅತ್ತೆ ಎರಡೂ ಕೈಯ ಬೆರಳುಗಳನ್ನು ಬಿಚ್ಚಿದರು. ತುಂಬಿದ ಕೊಡ ಚಪ್ಪಡಿಯ ಮೇಲೆ ಬಿದ್ದು, ಮೆಟ್ಟಿಲಿಂದ ಮೆಟ್ಟಿಲಿಗೆ ಢಣಢಣ ಉರುಳಿ ಕೆಳಗೆ ಹೋಯಿತು. ಆ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ನನಗೂ ಕೇಳಿಸಲಿಲ್ಲ. ಚೌಕಟ್ಟು ಹಿಡಿದಿದ್ದ ನನ್ನ ಅಂಗೈಗೆ ಮಾತ್ರ ಮರದೊಳಗಿನ ಆ ಸಣ್ಣ ಏಟು ತಾಗಿತು.

ತಮ್ಮಯ್ಯಪ್ಪನವರಿಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು. ಒಂದು ಕೊಡ ಹಿಡಿಯುವಷ್ಟೂ ತ್ರಾಣ ಉಳಿದಿಲ್ಲವೇ ಚಿಕ್ಕತಾಯಮ್ಮ ಎಂದರು. ಸಂತೆಯಲ್ಲಿ ರಾಗಿಮೂಟೆ ಹೊರಲು ಯಾರಾದರೂ ಕೈ ನೀಡಿದರೆ ಆ ಕೈಯನ್ನು ಸರಿಸಿ ತಾನೇ ಹೊತ್ತು ನಡೆಯುವ ಹೆಂಗಸು ನಮ್ಮ ಅತ್ತೆ. ಅಷ್ಟು ಜನರೆದುರಿಗೆ ತಲೆ ಬಗ್ಗಿಸಿ, “ಇಲ್ಲ ಕಣಪ್ಪ, ಕೈ ಸೋತಿತು, ವಯಸ್ಸಾಯ್ತು” ಎಂದರು.

ಮನೆಗೆ ಬಂದವಳೇ ಭಾಗಿ ಬಚ್ಚಲಿಗೆ ಹೋದಳು. ಹೊರಗೆ ಬಂದು ನನ್ನ ಕಿವಿಯಲ್ಲಿ, ಅತ್ತಿಗೆ, ಅದು ಸರಿದುಬಿಟ್ಟಿತ್ತು, ತುಂಬಿಯೂ ಇತ್ತು, ಬೆಣೆ ಕೀಳುವಾಗ ತಿಣುಕಿದ್ದಕ್ಕಿರಬೇಕು ಎಂದಳು. ಹಾಗಾದರೆ ಹೊಸ್ತಿಲು ಟಕ್ ಎಂದಿರಲೇಬೇಕು, ಅಮ್ಮನ ಕೈಯಿಂದ ಅದೇ ಗಳಿಗೆಯಲ್ಲಿ ಕೊಡ ಜಾರಿದ್ದು ನನ್ನ ಅದೃಷ್ಟ ನೋಡಿ ಎಂದು ನಕ್ಕಳು. ಆಮೇಲೆ ನಡುಮನೆಗೆ ಹೋಗಿ, ಏನಮ್ಮ, ಒಂದು ಕೊಡ ಹಿಡಿಯೋಕಾಗಲ್ವಾ, ನೀರಗಂಟಿಯ ಕಾಲು ತೊಳೆಯದೆ ಕಳಿಸಿದೆಯಲ್ಲ ಎಂದು ರೇಗಿಸಿದಳು.

ಅತ್ತೆ ಹುಣಸೆಹಣ್ಣು ಹಚ್ಚಿ ಕೊಡ ಬೆಳಗುತ್ತಿದ್ದರು. ತಗ್ಗು ಬಿದ್ದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಎಷ್ಟು ತಿಂಗಳಿಂದ ಅವರಿಗೆ ಗೊತ್ತಿತ್ತೋ, ಅಡಿಗೆಮನೆಯಲ್ಲಿ ಕೂತು ಏನೇನು ಕೇಳಿಸಿಕೊಂಡಿದ್ದರೋ. ಭಾಗಿಗೆ ಹೇಳಿಬಿಡಬೇಕು ಎಂದು ನನ್ನ ಬಾಯಿಯವರೆಗೂ ಬಂತು. ಅತ್ತೆ ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿದರು, ನೋಡಿ ಮತ್ತೆ ಕೊಡ ಉಜ್ಜತೊಡಗಿದರು.

“ಸೋತಿತು ಕಣೇ ಕೈ, ಏನು ಮಾಡಲಿ” ಎಂದರು, ಮಗಳಿಗೆ.

ಹೌದು, ಅದೃಷ್ಟ ಎಂದೆ ನಾನು ಭಾಗಿಗೆ. ಗಂಡನಿಗೂ ಬೇಡ, ಈ ಹುಡುಗಿಗೂ ಬೇಡ, ಯಾರಿಗೂ ಹೇಳುವುದು ಬೇಡ ಎಂದು ಅಲ್ಲೇ ಗಟ್ಟಿ ಮಾಡಿಕೊಂಡು, ಅತ್ತೆಯ ಪಕ್ಕದಲ್ಲಿ ಕೂತು, ಕೊಡದ ಇನ್ನೊಂದು ಬದಿ ಉಜ್ಜಲು ಶುರು ಮಾಡಿದೆ.